ಶ್ರೀಶೈಲ ಪಾದಯಾತ್ರೆ: ಚೀಲ 11 ಕೆಜಿ ಆಗಿದೆ, ಏನು ತೆಗೆಯಲಿ?

ಘಟಪ್ರಭಾ ದಂಡೆಯವ

ಎಲ್ಲರಿಗೂ ಶರಣು. ಈ ಸಲ, ಅಂದರೆ 2026ರಲ್ಲಿ, ಯುಗಾದಿ ಮಾರ್ಚ್ 19ಕ್ಕೆ. ಬಾಗಲಕೋಟೆ ಕಡೆಯ ನಮ್ಮೂರಿನ ಕಂಬಿ (ಮಲ್ಲಯ್ಯನ ಕಂಬಿ ಹೊತ್ತು ನಡೆಯುವ ತಂಡ) ಮಾರ್ಚ್ 4ಕ್ಕೆ ಹೊರಡುತ್ತದೆ. ಲಿಂಗಸುಗೂರು, ರಾಯಚೂರು, ಐಜ, ಕರ್ನೂಲು, ಆತ್ಮಕೂರು, ಆಮೇಲೆ ಕಾಡು. 400 ಕಿಲೋಮೀಟರ್ ದಾಟುತ್ತದೆ, 14 ದಿನ. ಅಪ್ಪ 22 ವರ್ಷ ತಪ್ಪದೆ ಹೋಗಿ ಬಂದವರು. ಹೋದ ವರ್ಷ ಅವರ ಮೊಣಕಾಲು ಆಪರೇಷನ್ ಆಯಿತು. ಈ ಸಲ ನನ್ನ ಪಾಳಿ. ನನಗಿದು ಮೊದಲನೆಯದು.

ನಿನ್ನೆ ಚೀಲ ಕಟ್ಟಿ ಕಿರಾಣಿ ಅಂಗಡಿಯ ಕಾಟಾ ಮೇಲೆ ಇಟ್ಟೆ. 11 ಕೆಜಿ 200 ಗ್ರಾಂ. ನನ್ನ ತೂಕವೇ 62. ಒಳಗಿರುವುದು ಇಷ್ಟು: ಐದು ಜೊತೆ ಬಟ್ಟೆ, ಕೌದಿ, ಚಾದರ, ಎರಡು ದೊಡ್ಡ ಟವೆಲ್, 40 ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಕೆಜಿ ಅಳ್ಳಿಟ್ಟು (ಹುರಿದ ಧಾನ್ಯದ ಹಿಟ್ಟು), ಸ್ಟೀಲ್ ತಾಟು, ತಂಬಿಗೆ, ಎರಡು ಪವರ್ ಬ್ಯಾಂಕ್, ದೊಡ್ಡ ಬ್ಯಾಟರಿ (ಟಾರ್ಚ್), ಪೂಜೆ ಸಾಮಾನು, ಔಷಧಿ ಡಬ್ಬಿ. ಇದರ ಮೇಲೆ ಶ್ರೀಶೈಲದ ದೇವಿ ಭ್ರಮರಾಂಬೆಗೆ ಉಡಿ ತುಂಬಲು ಅವ್ವ ಕೊಟ್ಟ ಒಂದು ಇಳಕಲ್ ಸೀರೆ, ಖಣ. ಆ ತಾಯಿ ನಮ್ಮ ಕಡೆಯ ಮನೆಮಗಳು ಅಂತಲೇ ಅವ್ವ ನಂಬಿದ್ದಾಳೆ. ಸೀರೆಯನ್ನು ಬಿಡುವ ಮಾತೇ ಇಲ್ಲ. ಉಳಿದದ್ದರಲ್ಲಿ ಏನು ತೆಗೆಯಬಹುದು ಹೇಳಿ. ಬೂಟು ಹೊಸದು ತಂದಿದ್ದೇನೆ, ಇನ್ನೂ ಹಾಕಿಲ್ಲ.

ಒಂಬತ್ತು ಯುಗಾದಿ

ತಮ್ಮಾ, ಶರಣು. ಮೊದಲು ಒಂದು ಮಾತು ಕೇಳುತ್ತೇನೆ. ನಿಮ್ಮ ಕಂಬಿಯ ಜೊತೆ ಗಾಡಿ ಬರುತ್ತದಾ? ಟ್ರ್ಯಾಕ್ಟರ್ ಆಗಲಿ, ಟಂಟಂ ಆಗಲಿ?

ಘಟಪ್ರಭಾ ದಂಡೆಯವ

ಟ್ರ್ಯಾಕ್ಟರ್ ಬರುತ್ತದೆ ಅಣ್ಣಾರೆ. ಅಡುಗೆ ಸಾಮಾನು ಅದರಲ್ಲೇ.

ಒಂಬತ್ತು ಯುಗಾದಿ

ಹಾಗಿದ್ದರೆ ನಿನ್ನ ಲೆಕ್ಕ ಪೂರ್ತಿ ಬದಲಾಗುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನದಿಂದ ಓದು.

ಮೊದಲ ಸಲ ಹೊರಟವರೆಲ್ಲ 400 ಕಿಲೋಮೀಟರ್ ದಾರಿಯನ್ನು ಒಂದೇ ದಾರಿ ಅಂದುಕೊಳ್ಳುತ್ತಾರೆ. ಅದು ಎರಡು ದಾರಿ. ಊರಿನಿಂದ ಆತ್ಮಕೂರಿನವರೆಗೆ ಡಾಂಬರು ರಸ್ತೆ. ಅಲ್ಲಿ ನೀನು ಹಸಿವಿಲ್ಲ ಅಂದರೂ ಬಿಡದೆ ಕರೆದು ಉಣ್ಣಿಸುತ್ತಾರೆ. ಹಳ್ಳಿ ಹಳ್ಳಿಗೆ ದಾಸೋಹದ ಟೆಂಟು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ದಾರಿ ಉದ್ದಕ್ಕೂ ಮಜ್ಜಿಗೆ, ಕಲ್ಲಂಗಡಿ. ಕಾಲು ತೊಳೆಯಲು ಬಿಸಿನೀರು ಕಾಯಿಸಿಟ್ಟವರನ್ನೂ ನೋಡಿದ್ದೇನೆ. ಗಡಿ ದಾಟಿ ತೆಲುಗು ಸೀಮೆಗೆ ಹೋದರೂ ಅಷ್ಟೇ ಪ್ರೀತಿ. ಈ 12 ದಿನಕ್ಕೆ 40 ರೊಟ್ಟಿ ಯಾಕೆ ಹೇಳು?

ಇನ್ನೊಂದು ದಾರಿ ಆತ್ಮಕೂರು ದಾಟಿ ವೆಂಕಟಾಪುರದಿಂದ ಶುರು. ಅಲ್ಲಿಂದ ನಲ್ಲಮಲ ಕಾಡು. ಸುಮಾರು 40 ಕಿಲೋಮೀಟರ್. ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಳ, ಕೈಲಾಸ ದ್ವಾರ. ಕಲ್ಲು, ಏರು, ಇಳಿಜಾರು. ಆ ಕಾಲುದಾರಿಗೆ ನಿಮ್ಮ ಟ್ರ್ಯಾಕ್ಟರ್ ಬರುವುದಿಲ್ಲ. ಅದು ದೋರ್ನಾಲದ ಮೇಲೆ ಸುತ್ತು ಹಾಕಿ ಶ್ರೀಶೈಲಕ್ಕೆ ಬರುತ್ತದೆ. ಆ ಎರಡು ದಿನ ನಿನ್ನ ಹೆಗಲ ಮೇಲೆ ಇದ್ದದ್ದೇ ನಿನ್ನದು. ಚೀಲ ಕಟ್ಟಬೇಕಾದದ್ದು ಈ ಎರಡು ದಿನಕ್ಕೆ.

ಅದಕ್ಕೇ ನಾನು ಯಾವತ್ತೂ ಎರಡು ಚೀಲ ಮಾಡುತ್ತೇನೆ. ಗಾಡಿ ಚೀಲ ಒಂದು, ಹೆಗಲ ಚೀಲ ಒಂದು. ಕೌದಿ, ಎರಡು ಜೊತೆ ಬಟ್ಟೆ, ಉಳಿದ ರೊಟ್ಟಿ ಗಾಡಿಗೆ. ಗಾಡಿ ಚೀಲದ ಬಾಯಿಗೆ ಬಣ್ಣದ ಬಟ್ಟೆ ಕಟ್ಟು. ರಾತ್ರಿ 60 ಚೀಲದಲ್ಲಿ ನಿನ್ನದನ್ನು ಹುಡುಕುವ ಹೊತ್ತಿಗೆ ಅರ್ಧ ನಿದ್ದೆ ಹೋಗಿರುತ್ತದೆ. ಹೆಗಲ ಚೀಲ ನಿನ್ನ ತೂಕದ ಹತ್ತನೇ ಒಂದು ಭಾಗ ಮೀರಬಾರದು. ಅಂದರೆ ನಿನಗೆ ಆರು ಕೆಜಿ. ಕಾಡಿನಲ್ಲಿ ಮೂರು ಲೀಟರ್ ನೀರು ಹೊರಬೇಕು. ನೀರಿಗೇ ಮೂರು ಕೆಜಿ ಹೋಯಿತು. ಉಳಿದದ್ದಕ್ಕೆ ಮೂರೇ ಕೆಜಿ.

ಆ ಮೂರು ಕೆಜಿಯಲ್ಲಿ ಏನಿರಬೇಕು? ಒಂದು ಜೊತೆ ಬಟ್ಟೆ, ಬೇಗ ಒಣಗುವಂಥದ್ದು. ಒಂದು ತೆಳು ಪಂಚೆ. ಈ ಪಂಚೆಯ ಬಗ್ಗೆ ಎಷ್ಟು ಹೇಳಿದರೂ ಸಾಲದು. ಹೊದಿಯಲು ಅದೇ, ಹಾಸಲು ಅದೇ, ತಲೆಗೆ ಸುತ್ತಲು ಅದೇ, ಒದ್ದೆ ಮಾಡಿ ಕುತ್ತಿಗೆಗೆ ಹಾಕಿದರೆ ಬಿಸಿಲಿಗೂ ಅದೇ. ದೊಡ್ಡ ಟವೆಲ್ ಎರಡೂ ಮನೆಯಲ್ಲಿ ಬಿಡು, ಒದ್ದೆ ಟರ್ಕಿ ಟವೆಲ್ಲಿನಷ್ಟು ಭಾರ ಮತ್ತೊಂದಿಲ್ಲ. ಆರು ರೊಟ್ಟಿ, ಒಂದು ಮುಷ್ಟಿ ಚಟ್ನಿಪುಡಿ, ನಾಲ್ಕು ಶೇಂಗಾ ಉಂಡಿ, ಒಂದಿಷ್ಟು ಅಳ್ಳಿಟ್ಟು. ಅಳ್ಳಿಟ್ಟಿಗೆ ಒಲೆ ಬೇಡ, ನೀರಲ್ಲಿ ಬೆಲ್ಲ ಹಾಕಿ ಕಲಸಿದರೆ ಹೊಟ್ಟೆ ತುಂಬಿತು. ತಾಟು ಬೇಡ, ಒಂದು ಲೋಟ ಸಾಕು. ದೊಡ್ಡ ಬ್ಯಾಟರಿ ಬೇಡ, ತಲೆಗೆ ಕಟ್ಟುವ ಚಿಕ್ಕ ಬ್ಯಾಟರಿ ತಗೊ. ಕೈ ಖಾಲಿ ಇರುತ್ತದೆ, ಕೋಲು ಹಿಡಿಯಬಹುದು.

ಕೋಲು ಮರೆಯಬೇಡ. ಭೀಮುನಿ ಕೊಳದಿಂದ ಕೈಲಾಸ ದ್ವಾರದವರೆಗೆ ಕಲ್ಲಿನ ಮೆಟ್ಟಿಲು. 12 ದಿನ ಡಾಂಬರಿನಲ್ಲಿ ಬಡಿಸಿಕೊಂಡ ಮೊಣಕಾಲು ಅಲ್ಲಿ ಮಾತಾಡಲು ಶುರು ಮಾಡುತ್ತದೆ. ಎದೆ ಎತ್ತರದ ಬಿದಿರಿನ ಕೋಲು, ತುದಿಗೆ ಹಳೇ ಸೈಕಲ್ ಟ್ಯೂಬ್ ತುಂಡು ಬಿಗಿದಿರು. ಕಲ್ಲಿನ ಮೇಲೆ ಜಾರುವುದಿಲ್ಲ.

ಇನ್ನು ಸೀರೆ. ಅದನ್ನು ಗಾಡಿಗೆ ಹಾಕಬೇಡ, ಹೆಗಲ ಮೇಲೇ ಇರಲಿ. ಅವ್ವ ಕೊಟ್ಟಿದ್ದು ನಡೆದು ಹೋಗಲಿ ಅಂತ ಅಲ್ವಾ. ಆದರೆ ಚೀಲದ ಬೆನ್ನಿನ ಕಡೆ ಇಡಬೇಡ, ಬೆವರು ಇಳಿಯುತ್ತದೆ. ಹಳೇ ಧೋತರದಲ್ಲಿ ಎರಡು ಸುತ್ತು ಸುತ್ತಿ, ಬಟ್ಟೆಗಳ ನಡುವೆ ಇಡು. ಕುಂಕುಮ ಬೇರೆ ಡಬ್ಬಿಯಲ್ಲಿ, ಬೇರೆ ಜೇಬಿನಲ್ಲಿ. ನನ್ನ ಎರಡನೇ ವರ್ಷ ಕುಂಕುಮದ ಪುಡಿಕೆ ಒಡೆದು, ಅದಕ್ಕೆ ಬೆವರು ಸೇರಿ, ಬಿಳಿ ರೇಷ್ಮೆ ಶಲ್ಯ ಪೂರ್ತಿ ಕೆಂಪಾಗಿತ್ತು. ಶ್ರೀಶೈಲದ ಮಲ್ಲಯ್ಯನಿಗೆ (ಮಲ್ಲಿಕಾರ್ಜುನನಿಗೆ) ಅಂತ ತಂದದ್ದು. ಆ ಸಂಕಟ ಇನ್ನೂ ಹೋಗಿಲ್ಲ.

ತುಂಗೆಯ ಈಚೆ

ಅಣ್ಣಾರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕಾಡಿನ ಭಾಗ ನಾಗಾರ್ಜುನಸಾಗರ-ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶದೊಳಗೆ ಬರುತ್ತದೆ. ನೀರಿಗೆ ತೊಳೆದು ಮತ್ತೆ ತುಂಬುವ ಗಟ್ಟಿ ಬಾಟಲಿ ಒಯ್ಯಿರಿ. ಬಿಸ್ಕತ್ತಿನ ಹಾಳೆ, ಗುಟ್ಕಾ ಚೀಟಿ ಯಾವುದನ್ನೂ ಬಿಸಾಡಬೇಡಿ. ಕಸಕ್ಕೆ ಅಂತಲೇ ಒಂದು ಬಟ್ಟೆ ಚೀಲ ಇಟ್ಟುಕೊಳ್ಳಿ. ನಮ್ಮ ತಂಡ ಹೋದ ಸಲ ವಾಪಸ್ ತಂದ ಕಸ ಎರಡು ಗೋಣಿಚೀಲ ಆಗಿತ್ತು. ನಮ್ಮದೊಂದೇ ಅಲ್ಲ, ದಾರಿಯಲ್ಲಿ ಬಿದ್ದದ್ದನ್ನೂ ಆರಿಸಿದ್ದೆವು.

ರಾಯಚೂರು ನರ್ಸಕ್ಕ

ನಾನು ಆರು ವರ್ಷದಿಂದ ಯುಗಾದಿ ಮುಂದೆ ದಾಸೋಹದ ಟೆಂಟಿನಲ್ಲಿ ಕುಳಿತು ಪಾದಯಾತ್ರಿಗಳ ಕಾಲು ನೋಡುತ್ತೇನೆ. ರಜೆ ಹಾಕಿ ಹೋಗುತ್ತೇನೆ, ಅದೇ ನನ್ನ ಯಾತ್ರೆ. ಒಂದು ಮಾತು ಕೈ ಮುಗಿದು ಹೇಳುತ್ತೇನೆ. ಹೊಸ ಬೂಟು ಹಾಕಿಕೊಂಡು ಹೊರಡಬೇಡಿ. ರಾಯಚೂರು ಮುಟ್ಟುವ ಹೊತ್ತಿಗೆ ಹಿಮ್ಮಡಿ ಸುಲಿದು ಬರುವವರಲ್ಲಿ ಹತ್ತಕ್ಕೆ ಎಂಟು ಜನ ಹೊಸ ಬೂಟಿನವರೇ. ತಮ್ಮಾ, ನಿನಗಿನ್ನೂ ಐದು ವಾರ ಇದೆ. ಇವತ್ತಿನಿಂದಲೇ ಹಾಕಿ ನಡೆ. ಮೊದಲು ಐದು ಕಿಲೋಮೀಟರ್, ಆಮೇಲೆ ಹತ್ತು, ಕೊನೆಗೆ ಚೀಲ ಹೊತ್ತು ಇಪ್ಪತ್ತು. ಎರಡು ದಿನ ಬಿಡದೆ 20 ನಡೆದು ನೋಡು. ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಮರುದಿನ ಬೆಳಿಗ್ಗೆ ಕಾಲೇ ಹೇಳುತ್ತದೆ.

ಬೂಟು ಒಂದು ನಂಬರ್ ದೊಡ್ಡದಿರಲಿ. ದಿನವಿಡೀ ನಡೆದರೆ ಪಾದ ಊದುತ್ತದೆ. ಅಂಗಡಿಗೆ ಸಂಜೆ ಹೊತ್ತು ಹೋಗಿ, ಕಾಲುಚೀಲ ಹಾಕಿಯೇ ಅಳತೆ ನೋಡಬೇಕು. ಉಗುರನ್ನು ಹೊರಡುವ ಮೂರು ನಾಲ್ಕು ದಿನ ಮುಂಚೆ ನೇರವಾಗಿ ಕತ್ತರಿಸಿ. ಇಳಿಜಾರಿನಲ್ಲಿ ಉದ್ದ ಉಗುರು ಬೂಟಿಗೆ ಬಡಿದು ಕಪ್ಪಾಗುತ್ತದೆ.

ಬೊಬ್ಬೆ ಬಂದಾಗ ನಮ್ಮ ಕಡೆ ಸೂಜಿಗೆ ದಾರ ಪೋಣಿಸಿ ಚುಚ್ಚಿ, ದಾರವನ್ನು ಒಳಗೇ ಬಿಡುವ ರೂಢಿ ಇದೆ. ಹಿರಿಯರು ಹೇಳಿಕೊಟ್ಟದ್ದು, ನನಗೆ ಗೊತ್ತು. ಆದರೆ ಆ ದಾರದ ಗುಂಟ ಎರೆಮಣ್ಣಿನ ಧೂಳು ಒಳಗೆ ಹೋಗುತ್ತದೆ. ಕೀವು ತುಂಬಿ ಬಂದ ಎಷ್ಟೋ ಪಾದ ತೊಳೆದಿದ್ದೇನೆ. ಚಿಕ್ಕ ಬೊಬ್ಬೆಯನ್ನು ಮುಟ್ಟಬೇಡಿ, ಮೇಲೆ ಪಟ್ಟಿ ಅಂಟಿಸಿ ಬಿಡಿ. ದೊಡ್ಡದಾಗಿ ನಡೆಯಲು ಆಗದಿದ್ದರೆ ಮಾತ್ರ ಸೋಪಿನಿಂದ ಕಾಲು ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದ ಹೊಸ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಇಳಿಸಿ. ಮೇಲಿನ ಚರ್ಮ ಕೀಳಬೇಡಿ, ಅದೇ ಒಳಗಿನ ಹಸಿ ಚರ್ಮಕ್ಕೆ ಹೊದಿಕೆ. ಮುಲಾಮು ಹಚ್ಚಿ, ಪಟ್ಟಿ ಕಟ್ಟಿ. ಸಕ್ಕರೆ ಕಾಯಿಲೆ ಇದ್ದವರು ತಾವೇ ಚುಚ್ಚಿಕೊಳ್ಳಲೇಬಾರದು. ನೇರ ವೈದ್ಯರ ಹತ್ತಿರ ಬನ್ನಿ.

ಬೊಬ್ಬೆ ಬರುವ ಮುಂಚೆ ಆ ಜಾಗ ಬಿಸಿಯಾಗಿ ಚುರುಗುಟ್ಟುತ್ತದೆ. ಆಗಲೇ ನಿಲ್ಲಬೇಕು. ‘ಮುಂದಿನ ಟೆಂಟಿನಲ್ಲಿ ನೋಡೋಣ’ ಅಂದವರೇ ನನ್ನ ಮುಂದೆ ಕುಂಟುತ್ತಾ ಬರುವುದು. ಬೆಳಿಗ್ಗೆ ಬೆರಳ ಸಂದಿಗೆ, ಹಿಮ್ಮಡಿಗೆ ವ್ಯಾಸಲಿನ್ ಸವರಿ. ತೊಡೆ ಉಜ್ಜುವ ಕಡೆಯೂ ಸವರಿ, ನಾಚಿಕೆ ಬೇಡ. ಎರಡು ತಾಸಿಗೊಮ್ಮೆ ಕಾಲುಚೀಲ ಬಿಚ್ಚಿ ಪಾದಕ್ಕೆ ಗಾಳಿ ಆಡಲಿ.

ಓಆರ್‌ಎಸ್ ಹತ್ತು ಪಾಕೀಟು ಇರಲಿ. ದೊಡ್ಡ ಪಾಕೀಟು ಸರಿಯಾಗಿ ಒಂದು ಲೀಟರ್ ನೀರಿಗೆ. ಅರ್ಧ ಲೀಟರ್ ಬಾಟಲಿಗೆ ಪೂರ್ತಿ ಸುರಿಯಬೇಡಿ. ಅಂಗಡಿಯ ಸಿಹಿ ಜ್ಯೂಸ್ ಡಬ್ಬಿ ಓಆರ್‌ಎಸ್ ಅಲ್ಲ. ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಮಾಡಿತು. ಪಾಕೀಟು ಮುಗಿದರೆ ಒಂದು ಲೀಟರ್ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು, ಎರಡೂ ಮಟ್ಟವಾಗಿ.

ನೋವಿನ ಗುಳಿಗೆಯನ್ನು ಚುರುಮುರಿ ಹಾಗೆ ನುಂಗಬೇಡಿ. ಬಿಸಿಲಲ್ಲಿ ನೀರು ಕಡಿಮೆಯಾದ ದೇಹಕ್ಕೆ, ಖಾಲಿ ಹೊಟ್ಟೆಗೆ ಅದು ಕಿಡ್ನಿಗೆ ಪೆಟ್ಟು. ಯಾರಾದರೂ ಬಿಸಿಲಲ್ಲಿ ತಡವರಿಸಿ ಮಾತಾಡಲು ಶುರು ಮಾಡಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ನೆರಳಿಗೆ ಎಳೆದು ನೀರು ಸುರಿಯಿರಿ, ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ. ‘ಸ್ವಲ್ಪ ಹೊತ್ತು ಮಲಗಲಿ’ ಅಂತ ಬಿಡಬೇಡಿ.

ಬೆಂಗಳೂರಲ್ಲಿರೋ ಗದಗಿನವ

ನರ್ಸಕ್ಕಾರೆ, ನಿಮ್ಮ ಮಾತು ಪ್ರಿಂಟ್ ತೆಗೆದು ನಮ್ಮ ತಂಡಕ್ಕೆ ಕೊಡುತ್ತೇನೆ. ನನ್ನದು ಬೇರೆ ಪ್ರಶ್ನೆ. ಬರಿಗಾಲಲ್ಲಿ ನಡೆಯುವ ಹರಕೆ ಹೊತ್ತಿದ್ದೇನೆ. ಮಗಳು ಹುಷಾರಾದಳು, ಅದಕ್ಕೆ. ಬೂಟಿನ ಮಾತೇ ಇಲ್ಲ. ನನಗೆ ಏನು ಸಲಹೆ?

ಒಂಬತ್ತು ಯುಗಾದಿ

ಹರಕೆ ದೊಡ್ಡದು. ಮಗಳು ಚೆನ್ನಾಗಿರಲಿ. ನಾನು ಎರಡು ಸಲ ಬರಿಗಾಲಲ್ಲಿ ಹೋಗಿದ್ದೇನೆ. ಇವತ್ತಿನಿಂದ ದಿನಾ ಬೆಳಿಗ್ಗೆ ಮಣ್ಣಿನ ಮೇಲೆ, ಸಂಜೆ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆಯಿರಿ. ಅಂಗಾಲು ಗಟ್ಟಿಯಾಗಲು ಒಂದು ತಿಂಗಳಾದರೂ ಬೇಕು. ರಾತ್ರಿ ಹರಳೆಣ್ಣೆ ಹಚ್ಚಿ. ಒಣಗಿ ಬಿರಿದ ಹಿಮ್ಮಡಿಯೇ ದಾರಿಯಲ್ಲಿ ಸೀಳುವುದು.

ನಡಿಗೆ ಬೆಳಗಿನ ಜಾವ 3ಕ್ಕೆ ಶುರು, 10ಕ್ಕೆ ಬಂದ್. ಮತ್ತೆ ಸಂಜೆ ಐದಕ್ಕೆ. ಹೊತ್ತು ಮೀರಿದರೆ ರಸ್ತೆ ಅಂಚಿನ ಬಿಳಿ ಪಟ್ಟೆಯ ಮೇಲೆ ಕಾಲಿಡಿ. ಕರಿ ಡಾಂಬರಿನಷ್ಟು ಅದು ಸುಡುವುದಿಲ್ಲ. ಬರಿಗಾಲಿನವರು ಸಾಲಾಗಿ ಆ ಪಟ್ಟೆ ಹಿಡಿದು ಹೋಗುವುದನ್ನು ಕರ್ನೂಲು ದಾರಿಯಲ್ಲಿ ನೋಡುತ್ತೀರಿ. ಮುಳ್ಳು ತೆಗೆಯುವ ಚಿಮಟ ಕಡ್ಡಾಯ. ಹೊರಡುವ ಮುಂಚೆ ಟಿಟಿ (ಧನುರ್ವಾಯು) ಇಂಜೆಕ್ಷನ್ ಲೆಕ್ಕ ನೋಡಿಕೊಳ್ಳಿ. ಒಂದು ಜೊತೆ ಚಪ್ಪಲಿ ಗಾಡಿ ಚೀಲದಲ್ಲಿರಲಿ. ಪಾದ ಸೀಳಿ ರಕ್ತ ಬಂದರೆ ಹಾಕಿಕೊಳ್ಳಿ. ಮಲ್ಲಯ್ಯ ತಂದೆ ಇದ್ದ ಹಾಗೆ. ಮಗ ರಕ್ತ ಸುರಿಸಿಕೊಂಡು ಬರಲಿ ಅಂತ ಯಾವ ತಂದೆ ಕೇಳುತ್ತಾನೆ?

ಬೆಂಗಳೂರಲ್ಲಿರೋ ಗದಗಿನವ

ಈ ಮಾತು ಓದಿ ಹೆಂಡತಿಗೆ ಸಮಾಧಾನವಾಯಿತು. ಚಪ್ಪಲಿ ಚೀಲಕ್ಕೆ ಹೋಯಿತು.

ಮೂರು ಸಲ ಹೋದವಳು

ಇಷ್ಟು ಜನ ಬರೆದರೂ ಹೆಣ್ಣುಮಕ್ಕಳ ಮಾತು ಬಂದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅಕ್ಕ ತಂಗಿಯರೇ, ಸೀರೆಯಲ್ಲಿ ನಡೆಯಬಹುದು, ನಮ್ಮತ್ತೆ ಈಗಲೂ ಹಾಗೇ ನಡೆಯುತ್ತಾರೆ. ಆದರೆ ಕಾಡಿನ ಮೆಟ್ಟಿಲಿನಲ್ಲಿ ನೆರಿಗೆ ಕಾಲಿಗೆ ಸಿಕ್ಕಿ ನಾನು ಬಿದ್ದಿದ್ದೇನೆ. ಈಗ ಚೂಡಿದಾರ, ಸಡಿಲ ಪ್ಯಾಂಟು, ಹತ್ತಿಯದು. ಒಳಗೆ ಮೊಣಕಾಲುದ್ದದ ಬಿಗಿ ಚಡ್ಡಿ ಹಾಕಿದರೆ ತೊಡೆ ಉಜ್ಜುವುದಿಲ್ಲ. ಒಳಬಟ್ಟೆ ಮಾತ್ರ ನಾಲ್ಕು ಜೊತೆ ಇರಲಿ, ಅದರಲ್ಲಿ ಕಡಿಮೆ ಮಾಡಬೇಡಿ.

ತಿಂಗಳ ತಾರೀಖು ಇರಲಿ ಬಿಡಲಿ, ಪ್ಯಾಡ್ ಇಟ್ಟುಕೊಳ್ಳಿ. ದಣಿವಿಗೆ, ಬಿಸಿಲಿಗೆ ತಾರೀಖು ಹಿಂದೆ ಮುಂದೆ ಆಗುತ್ತದೆ. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಇಡಲು ಬೇರೆ ಚೀಲ ಬೇಕು. ಒಂದು ಹಳೇ ಸೀರೆ ಗಾಡಿಯಲ್ಲಿರಲಿ. ನಾಲ್ಕು ಜನ ಹಿಡಿದು ನಿಂತರೆ ಸ್ನಾನದ ಕೋಣೆ, ಬಟ್ಟೆ ಬದಲಿಸುವ ಕೋಣೆ ಎಲ್ಲ ಅದೇ. ಶೌಚಕ್ಕೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯದೆ ನಡೆಯುವ ಹೆಣ್ಣುಮಕ್ಕಳು ತುಂಬಾ ಇದ್ದಾರೆ. ನಾನೂ ಮೊದಲ ಸಲ ಹಾಗೇ ಮಾಡಿ ಉರಿಮೂತ್ರ ಬಂದು ಒದ್ದಾಡಿದೆ. ದಯವಿಟ್ಟು ನೀರು ಕುಡಿಯಿರಿ. ಇಬ್ಬಿಬ್ಬರು ಜೊತೆಯಾಗಿ ಹೋಗಿ, ಬ್ಯಾಟರಿ ಇರಲಿ, ಸೀಟಿ ಕುತ್ತಿಗೆಯಲ್ಲಿರಲಿ. ಅಕ್ಕಮಹಾದೇವಿ ಒಬ್ಬಳೇ ನಡೆದು ಹೋದ ಬೆಟ್ಟ ಅದು. ನಾವು ನಾಲ್ಕು ಜನ ಕೂಡಿ ಹೋಗಲು ಹೆದರಬೇಕಿಲ್ಲ.

ಕೃಷ್ಣಾ ತೀರ 88

ಹೆದ್ದಾರಿ ಬಗ್ಗೆ ಯಾರೂ ಹೇಳಲಿಲ್ಲ, ನನಗೆ ಅದೇ ದೊಡ್ಡ ಚಿಂತೆ. ಯುಗಾದಿ ಅಮಾವಾಸ್ಯೆ ಮುಗಿದ ಮೇಲೆ ಬರುವ ಹಬ್ಬ. ನೀವು ಹೊರಡುವುದು ಹುಣ್ಣಿಮೆಯ ಮರುದಿನ. ಮೊದಲ ವಾರ ಬೆಳಗಿನ ಜಾವ ತಲೆ ಮೇಲೆ ಚಂದ್ರ ಇರುತ್ತಾನೆ, ಬ್ಯಾಟರಿಯೇ ಬೇಡ ಅನಿಸುತ್ತದೆ. ದಿನ ಹೋದ ಹಾಗೆ ಕತ್ತಲು ಹೆಚ್ಚುತ್ತಾ ಹೋಗಿ, ಕರ್ನೂಲು ದಾಟಿದ ಮೇಲೆ, ಅಂದರೆ ಕಾಲು ಪೂರ್ತಿ ದಣಿದ ಹೊತ್ತಿಗೆ ಗವ್ವೆನ್ನುವ ಕತ್ತಲು. ಲಾರಿಯವನಿಗೆ ನೀವು ಕಾಣುವುದಿಲ್ಲ. ಚೀಲದ ಹಿಂದೆ, ಕಂಬಿಗೆ, ಕೋಲಿಗೆ ಬೆಳಕು ಬಿದ್ದರೆ ಹೊಳೆಯುವ ಟೇಪು ಅಂಟಿಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಗಾಡಿ ಎದುರಿಗೆ ಕಾಣುವ ಹಾಗೆ ರಸ್ತೆಯ ಬಲಗಡೆ, ಒಬ್ಬರ ಹಿಂದೊಬ್ಬರು ನಡೆಯಿರಿ. ಭಜನೆ ಹಾಡುತ್ತಾ ನಾಲ್ಕು ಜನ ಸಾಲಾಗಿ ಹೋಗುವುದು ಬೇಡವೇ ಬೇಡ. ಮರಗಾಲು ಕಟ್ಟಿ ನಡೆಯುವವರ ಜೊತೆ ಹಿಂದೊಬ್ಬರು ಮುಂದೊಬ್ಬರು ಬ್ಯಾಟರಿ ಹಿಡಿದಿರಲಿ. ನಮ್ಮೂರಿನ ಒಬ್ಬ ಹುಡುಗನನ್ನು ಹಾಗೆ ಕಳೆದುಕೊಂಡಿದ್ದೇವೆ. ಅವನ ಬೆನ್ನ ಮೇಲಿದ್ದದ್ದು ಕರಿ ಚೀಲ.

ಘಟಪ್ರಭಾ ದಂಡೆಯವ

ಓದಿ ಎದೆ ಭಾರವಾಯಿತು ಅಣ್ಣಾರೆ. ನಾಳೆಯೇ ಟೇಪು ತಂದು ತಂಡದ ಎಲ್ಲರ ಚೀಲಕ್ಕೂ ಅಂಟಿಸುತ್ತೇನೆ.

ಚೀಲ ಮತ್ತೆ ಕಟ್ಟಿದೆ. ನೀರು ಸೇರಿ 6 ಕೆಜಿ 400. ಅಪ್ಪ ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. ಎರಡನೇ ಪವರ್ ಬ್ಯಾಂಕ್ ಅವರೇ ಎತ್ತಿ ಬದಿಗಿಟ್ಟರು. ಅದರ ಜಾಗದಲ್ಲಿ ಒಂದು ಚೀಟಿ ಇಟ್ಟರು. ಹೆಸರು, ಊರು, ಮನೆ ಫೋನ್ ನಂಬರ್, ರಕ್ತದ ಗುಂಪು, ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ. ತೆಲುಗು ಅಕ್ಷರ 22 ವರ್ಷದ ದಾರಿಯ ಬೋರ್ಡು ನೋಡಿ ಕಲಿತದ್ದಂತೆ. ನನಗೆ ಇವತ್ತೇ ಗೊತ್ತಾದದ್ದು.

ರಾಯಚೂರು ನರ್ಸಕ್ಕ

ಆ ಚೀಟಿ ಎಲ್ಲರ ಜೇಬಿನಲ್ಲೂ ಇರಬೇಕು. ದಿನಾ ತಗೊಳ್ಳುವ ಗುಳಿಗೆಯ ಹೆಸರೂ ಅದರಲ್ಲೇ ಬರೆಯಿರಿ. ಬಿಪಿ, ಸಕ್ಕರೆ ಗುಳಿಗೆ 14 ದಿನಕ್ಕಲ್ಲ, 20 ದಿನಕ್ಕೆ ಆಗುವಷ್ಟು ಒಯ್ಯಿರಿ. ಅರ್ಧ ನಿಮ್ಮ ಹತ್ತಿರ, ಅರ್ಧ ಜೊತೆಗಾರರ ಹತ್ತಿರ.

ಘಟಪ್ರಭಾ ದಂಡೆಯವ

ಶರಣು ಎಲ್ಲರಿಗೂ. ನಿನ್ನೆ ರಾತ್ರಿ ಊರಿಗೆ ಬಂದೆವು. ಬರುವಾಗ ಬಸ್ಸು. ಹಬ್ಬಕ್ಕೆ ಅಂತ ಬಿಟ್ಟ ವಿಶೇಷ ಬಸ್ಸಿನಲ್ಲಿ ಸೀಟು ಸಿಕ್ಕಿತು. ಮುಂದಿನ ವರ್ಷ ಹೋಗುವವರಿಗೆ ಅಂತ ನೆನಪಿದ್ದಾಗಲೇ ಬರೆಯುತ್ತಿದ್ದೇನೆ.

ಪಂಚೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ತಲೆ ಬ್ಯಾಟರಿ, ಕೋಲು, ವ್ಯಾಸಲಿನ್ ಇಲ್ಲದಿದ್ದರೆ ಕಷ್ಟ ಇತ್ತು. ಮುಟ್ಟದೆ ವಾಪಸ್ ತಂದದ್ದು ಗುರೆಳ್ಳು ಚಟ್ನಿ ಒಂದೇ. ಒಂದು ತಪ್ಪಾಯಿತು. ಕಾಲುಚೀಲ ಎರಡೇ ಜೊತೆ ಒಯ್ದಿದ್ದೆ. ನಂದಿಕೊಟ್ಕೂರಿನ ಹತ್ತಿರ ಒಂದು ಜೊತೆ ತೊಳೆದದ್ದು ಒಣಗಲಿಲ್ಲ, ಒದ್ದೆಯದನ್ನೇ ಹಾಕಿ ನಡೆದು ಎಡಗಾಲಿನ ಹೆಬ್ಬೆರಳ ಕೆಳಗೆ ಬೊಬ್ಬೆ ಬಂತು. ನರ್ಸಕ್ಕಾರು ಹೇಳಿದ ಹಾಗೇ ಚುರುಗುಟ್ಟಿದಾಗ ನಿಂತೆ, ಪಟ್ಟಿ ಹಾಕಿದೆ, ದೊಡ್ಡದಾಗಲಿಲ್ಲ. ಮೂರು ಜೊತೆ ಒಯ್ಯಿರಿ. ಒದ್ದೆ ಇದ್ದದ್ದನ್ನು ಚೀಲದ ಹಿಂದೆ ಪಿನ್ನು ಹಾಕಿ ನೇತುಬಿಟ್ಟರೆ ನಡೆಯುತ್ತಲೇ ಒಣಗುತ್ತದೆ. ಇದನ್ನು ಕಲಬುರಗಿ ಕಡೆಯ ಒಬ್ಬ ಅಜ್ಜ ತೋರಿಸಿಕೊಟ್ಟರು.

ಕಾಡಿನಲ್ಲಿ ಅಲ್ಲಲ್ಲಿ ನೀರು, ದಾಸೋಹ ಎಲ್ಲ ಇತ್ತು. ಆದರೂ ಪೆಚ್ಚೆರುವು ಬಿಟ್ಟ ಮೇಲೆ ಮೂರು ಲೀಟರೂ ಖಾಲಿಯಾಯಿತು. ಕಡಿಮೆ ಒಯ್ದವರು ಕೇಳಿದಾಗ ಕೊಡದೆ ಇರಲು ಆಗುತ್ತದಾ?

ಸೀರೆಯನ್ನು ಶ್ರೀಶೈಲದಲ್ಲಿ ಬಿಚ್ಚಿದಾಗ ಒಂದು ಹನಿ ಬೆವರೂ ತಾಗಿರಲಿಲ್ಲ. ಧೋತರದ ಮಡಿಕೆಯೊಳಗೆ ಅವ್ವ ಇಟ್ಟ ಬೇವಿನ ಎಲೆ ಒಣಗಿ ಪುಡಿಯಾಗಿತ್ತು, ಅಷ್ಟೇ. ಅಲ್ಲಿಂದಲೇ ಅವ್ವನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಪ್ಪ ಫೋನ್ ಕಿತ್ತುಕೊಂಡು, ‘ಕಾಲು ತೋರಿಸು’ ಅಂದರು.